ಡೀಸೆಲ್ ಪಿಕಪ್ ಬಿಳಿ ಹೊಗೆ ಬಿಟ್ಟರೆ ಎಂಜಿನ್ ಬಿಚ್ಚಲೇಬೇಕೇ?

ಸೊರಬ ತಾಲೂಕಿನ ಕ್ಯಾಸನೂರು, ಪಕ್ಕದ ಶಿಕಾರಿಪುರದ ಕಡೆ ಅಡಿಕೆ ಕೊಯ್ಲು ಜೋರಾಗುವ ಹೊತ್ತಿಗೇ ಚಳಿಯೂ ಹಿಡಿಯುತ್ತದೆ. ಬೆಳಗ್ಗೆ ಪಿಕಪ್ ಸ್ಟಾರ್ಟ್ ಮಾಡಿದರೆ ಎಂಜಿನ್ ನಡುಗುತ್ತದೆ, ಮಿಸ್ಸಿಂಗ್ ಬರುತ್ತದೆ, ಸೈಲೆನ್ಸರ್‌ನಿಂದ ಬಿಳಿ ಹೊಗೆ ಏಳುತ್ತದೆ. ನೋಡಿದವರು ‘ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು’ ಎಂದುಬಿಡುತ್ತಾರೆ. ಅದು ನಿಜವಿರಬಹುದು, ಇಲ್ಲದೆಯೂ ಇರಬಹುದು. ಸುಮ್ಮನೆ ಬಿಚ್ಚಿಸಿದರೆ ದುಡ್ಡು ದಂಡ. ನಿಜವಿದ್ದೂ ಓಡಿಸಿದರೆ ಎಂಜಿನ್ನೇ ಹೋಗಬಹುದು.

ಬಿಳಿ ಹೊಗೆ ಏಕೆ ಬರುತ್ತದೆ?

ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಪಿಸ್ಟನ್ ಒತ್ತಿದ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಅದರೊಳಗೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಗಾಳಿ ಸಾಕಷ್ಟು ಕಾಯದಿದ್ದರೆ ಅಥವಾ ಇಂಜೆಕ್ಟರ್ ಡೀಸೆಲನ್ನು ಮಂಜಿನಂತೆ ಸಿಂಪಡಿಸದೆ ಹನಿ ಹನಿಯಾಗಿ ಬಿಟ್ಟರೆ ಆ ಸಿಲಿಂಡರ್ ಸರಿಯಾಗಿ ಉರಿಯುವುದಿಲ್ಲ. ಇದೇ ಮಿಸ್ಸಿಂಗ್. ಉರಿಯದ ಡೀಸೆಲ್ ಆವಿಯಾಗಿ, ಹೊರಗೆ ತಣಿದು, ಬಿಳಿ ಹೊಗೆಯಂತೆ ಕಾಣುತ್ತದೆ. ಕೂಲಂಟ್ ಒಳಗೆ ಸೋರಿದಾಗ ಬರುವ ಹಬೆಯೂ ಬಿಳಿಯೇ. ಹಾಗಾಗಿ ಬಣ್ಣ ನೋಡಿ ಮಾತ್ರ ತೀರ್ಮಾನಿಸಲಾಗದು.

ಏನನ್ನು ಗಮನಿಸಬೇಕು?

1. ಎಷ್ಟು ಹೊತ್ತು? ಎಂಜಿನ್ ಬಿಸಿಯಾಗುತ್ತಲೇ ಹೊಗೆ, ಮಿಸ್ಸಿಂಗ್ ಎರಡೂ ನಿಂತರೆ ಮೊದಲು ಗ್ಲೋ ಪ್ಲಗ್ ಮತ್ತು ಅದರ ರಿಲೇ ಪರೀಕ್ಷಿಸಿ.

2. ವಾಸನೆ ಹೇಗಿದೆ? ಹಸಿ ಡೀಸೆಲ್ ವಾಸನೆ, ಕಣ್ಣುರಿ ಇದ್ದು, ಬಿಸಿಯಾದ ಮೇಲೂ ಹೊಗೆ ನಿಲ್ಲದಿದ್ದರೆ ಇಂಜೆಕ್ಟರ್, ಇಂಧನ ಪೈಪಿನೊಳಗೆ ಸೇರಿದ ಗಾಳಿ, ಟೈಮಿಂಗ್ ಅಥವಾ ಕಂಪ್ರೆಷನ್ ಕೊರತೆ ಕಾರಣವಿರಬಹುದು.

3. ಡೀಸೆಲ್‌ನಲ್ಲಿ ನೀರಿದೆಯೇ? ಫಿಲ್ಟರ್ ಕೆಳಗಿನ ಡ್ರೈನ್‌ನಿಂದ ಸ್ವಲ್ಪ ಡೀಸೆಲನ್ನು ಗಾಜಿನ ಬಾಟಲಿಗೆ ಬಿಟ್ಟು ನೋಡಿ. ನೀರಿದ್ದರೆ ತಳದಲ್ಲಿ ನಿಲ್ಲುತ್ತದೆ.

4. ಕೂಲಂಟ್ ಇಳಿಯುತ್ತಿದೆಯೇ? ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ನೋಡಿ. ಬಿಸಿಯಿದ್ದಾಗ ಮುಚ್ಚಳ ತೆಗೆದರೆ ಕುದಿಯುವ ನೀರು ಮೈಮೇಲೆ ಚಿಮ್ಮುತ್ತದೆ. ಹೊರಗೆಲ್ಲೂ ಸೋರದೆ ಮಟ್ಟ ಇಳಿಯುತ್ತಿದ್ದರೆ, ಎಂಜಿನ್ ಆಯಿಲ್ ಹಾಲು ಬೆರೆಸಿದಂತೆ ಕಂಡರೆ ಗಾಡಿ ಓಡಿಸಬೇಡಿ. ಹೆಡ್ ಗ್ಯಾಸ್ಕೆಟ್‌ನ ಅನುಮಾನಕ್ಕೆ ಅರ್ಥ ಬರುವುದು ಇಲ್ಲಿ. ಕೆಲವು ಗಾಡಿಗಳಲ್ಲಿ ಇಜಿಆರ್ ಕೂಲರ್ ಸೋರಿದರೂ ಕೂಲಂಟ್ ಹೀಗೇ ಇಳಿಯುತ್ತದೆ.

ಯಾವ ಸಿಲಿಂಡರ್ ಎಂದು ತಿಳಿಯುವುದು ಹೇಗೆ?

ಹಳೆಯ ಪಂಪ್ ಎಂಜಿನ್‌ಗಳಲ್ಲಿ ಮೆಕ್ಯಾನಿಕ್‌ಗಳು ಇಂಜೆಕ್ಟರ್ ಪೈಪಿನ ನಟ್‌ಗಳನ್ನು ಒಂದೊಂದಾಗಿ ಸಡಿಲಿಸುತ್ತಾರೆ. ಯಾವುದನ್ನು ಸಡಿಲಿಸಿದಾಗ ಎಂಜಿನ್ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಕಾಮನ್ ರೈಲ್ ಎಂಜಿನ್‌ನಲ್ಲಿ ಈ ಪ್ರಯೋಗ ಖಂಡಿತ ಬೇಡ. ಅಲ್ಲಿ ಒತ್ತಡ 1,000 ಬಾರ್ ಮೀರುವುದರಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿ ಒಳಹೊಗುತ್ತದೆ. ಹೊರಗಿನ ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇಂಥ ಗಾಡಿಗಳಿಗೆ ಸ್ಕ್ಯಾನರ್ ಮತ್ತು ಇಂಜೆಕ್ಟರ್ ರಿಟರ್ನ್ ಪರೀಕ್ಷೆ ಇವೆ.

ಇಷ್ಟರಲ್ಲೂ ಕಾರಣ ಸಿಗದಿದ್ದರೆ ಕಂಪ್ರೆಷನ್ ಅಳೆಸಿ. ಎಂಜಿನ್ ಬಿಚ್ಚುವ ಮಾತು ಬರಬೇಕಾದದ್ದು ಅದಾದ ಮೇಲೆ. ಪರೀಕ್ಷೆ ಯಾವುದೇ ಇರಲಿ, ಮುಚ್ಚಿದ ಶೆಡ್‌ನೊಳಗೆ ಎಂಜಿನ್ ಚಾಲೂ ಇಡಬೇಡಿ. ಹೊಗೆಯಲ್ಲಿರುವ ವಿಷಾನಿಲ ಪ್ರಾಣಕ್ಕೇ ಕುತ್ತು. ಗ್ಯಾರೇಜಿಗೆ ಹೋದಾಗ ‘ಬಿಳಿ ಹೊಗೆ’ ಎಂದಷ್ಟೇ ಹೇಳದೆ, ಎಷ್ಟು ಹೊತ್ತು ಬಂತು, ವಾಸನೆ ಹೇಗಿತ್ತು, ಕೂಲಂಟ್ ಎಷ್ಟು ಇಳಿದಿದೆ ಎಂಬುದನ್ನೂ ತಿಳಿಸಿ.