ಥಾಣೆಯ ಕೆರೆಗಳು: ನೀರಿನ ಏರಿಳಿತ ಮತ್ತು ಪಾಚಿ

ಥಾಣೆಗೆ ‘ಕೆರೆಗಳ ನಗರ’ ಎಂಬ ಹೆಸರಿರುವುದು ಇಲ್ಲಿ ನೆಲೆಸಿದ ಕನ್ನಡಿಗರಿಗೆ ತಿಳಿದದ್ದೇ. ಉತ್ತರ ಕೊಂಕಣದ ಶಿಲಾಹಾರರ ಕಾಲದಲ್ಲಿ ಈ ಊರು ಶ್ರೀಸ್ಥಾನಕ. ಅವರು ಮೊದಲು ರಾಷ್ಟ್ರಕೂಟರ ಸಾಮಂತರು; ಕಾನ್ಹೇರಿಯ ಗುಹಾಶಾಸನಗಳು ಅವರೊಡನೆ ನಮ್ಮ ಅಮೋಘವರ್ಷನನ್ನೂ ಸ್ಮರಿಸುತ್ತವೆ. ಊರ ನಡುವಿನ ಮಾಸುಂದಾ ಕೆರೆಯ ಬಳಿಯ ಕೌಪಿನೇಶ್ವರ ದೇವಾಲಯವನ್ನು ಮರಾಠರ ಸರಸುಭೇದಾರ ರಾಮಾಜಿ ಮಹಾದೇವ ಬಿವಲಕರ 1760ರಲ್ಲಿ ಮತ್ತೆ ಕಟ್ಟಿಸಿದನು. ಅರಸೊತ್ತಿಗೆಗಳು ಬದಲಾದರೂ ಕೆರೆ ಉಳಿಯಿತು. 1853ರಲ್ಲಿ ರೈಲು ಬಂದ ಬಳಿಕ ಊರು ಬೆಳೆದಂತೆ ಕೆರೆಗಳ ಸುತ್ತಣ ಬದುಕು ಮಾರ್ಪಟ್ಟಿತು.

ನಮ್ಮ ಬಯಲುಸೀಮೆಯ ಕೆರೆಗಳನ್ನು ನೆನೆಯೋಣ. ಮಳೆಗಾಲದಲ್ಲಿ ಅವು ತುಂಬಿ ಕೋಡಿ ಬೀಳುತ್ತಿದ್ದವು. ಅನಂತರ ನೀರು ತೂಬಿನ ಮೂಲಕ ಗದ್ದೆಗೆ ಹರಿಯುತ್ತಿತ್ತು. ಬೇಸಿಗೆಯಲ್ಲಿ ತಳ ಕಂಡಾಗ ರೈತರು ಹೂಳೆತ್ತಿ ಹೊಲಕ್ಕೆ ಹಾಕುತ್ತಿದ್ದರು. ಹೂಳಿನೊಡನೆ ರಂಜಕ, ಸಾರಜನಕಗಳೂ ಕೆರೆಯಿಂದ ಹೊರಬೀಳುತ್ತಿದ್ದವು. ನೀರು ಇಳಿಯುವುದು ಅಲ್ಲಿ ಕೆರೆಯ ಶುದ್ಧಿಗೆ ಒದಗಿಬರುತ್ತಿತ್ತು.

ಕಲ್ಲಿನ ಗೋಡೆಯೊಳಗೆ ಸಿಲುಕಿದ ನಗರದ ಕೆರೆಯಲ್ಲಿ ಇದಕ್ಕೆ ವಿರುದ್ಧ ನಡೆಯುತ್ತದೆ. ಮಾರ್ಚಿನಿಂದ ಮೇ ತನಕ ನೀರು ಆವಿಯಾಗಿ ಇಳಿಯುತ್ತದೆ. ಪೋಷಕಾಂಶಗಳು ಹಿಂದುಳಿದು ಸಾಂದ್ರವಾಗುತ್ತವೆ. ಆಳ ಕಡಿಮೆಯಾದ ನೀರು ಬೇಗ ಕಾಯುತ್ತದೆ, ಗಾಳಿ ಬೀಸಿದರೆ ತಳದ ಹೂಳು ಕದಡುತ್ತದೆ. ತಳದಲ್ಲಿ ಆಮ್ಲಜನಕ ತಗ್ಗಿದಾಗ ಹೂಳಿನಲ್ಲಿದ್ದ ರಂಜಕ ನೀರಿಗೆ ಬಿಡುಗಡೆಯಾಗುತ್ತದೆ. ನೀಲಿ-ಹಸಿರು ಪಾಚಿಗೆ ಬೇಕಾದುದು ಇಷ್ಟೇ. ಅದರ ಕೆಲವು ಜಾತಿಗಳು ಕೋಶದೊಳಗಿನ ಅನಿಲದ ಬಲದಿಂದ ಮೇಲಕ್ಕೆ ತೇಲಿ ಬೆಳಕನ್ನೆಲ್ಲ ಹೀರುತ್ತವೆ. ರಾತ್ರಿ ಪಾಚಿಯೂ ಆಮ್ಲಜನಕವನ್ನು ಬಳಸುವುದರಿಂದ ಬೆಳಗಿನ ಜಾವಕ್ಕೆ ಮೀನುಗಳು ಉಸಿರುಗಟ್ಟಿ ಸಾಯುವುದುಂಟು. ಜೂನಿನ ಮಳೆ ಈ ನೀರನ್ನು ತೆಳುವಾಗಿಸಿದರೂ ಮೊದಲ ಮಳೆಯೇ ಬೀದಿಯ ಕೊಳೆಯನ್ನೂ ತಂದು ಸುರಿಯುತ್ತದೆ.

ಹಾಗೆಂದು ತಗ್ಗಿದ ಮಟ್ಟವನ್ನಷ್ಟೇ ದೂರುವಂತಿಲ್ಲ. ಆಳವಿಲ್ಲದ ಕೆರೆ ಎರಡು ಸ್ಥಿತಿಗಳಲ್ಲಿ ನೆಲೆಗೊಳ್ಳಬಲ್ಲದೆಂದು ಡಚ್ ವಿಜ್ಞಾನಿ ಮಾರ್ಟೆನ್ ಸ್ಕೆಫರ್ ಮತ್ತು ಸಂಗಡಿಗರು 1993ರಲ್ಲಿ ವಿವರಿಸಿದರು: ಜಲಸಸ್ಯಗಳಿರುವ ತಿಳಿನೀರು, ಇಲ್ಲವೇ ಪಾಚಿ ತುಂಬಿದ ಕದಡು ನೀರು. ನೀರು ತಿಳಿಯಾಗಿದ್ದರೆ ಮಟ್ಟ ಇಳಿದಾಗ ತಳಕ್ಕೆ ಬೆಳಕು ಮುಟ್ಟಿ ಸಸ್ಯಗಳು ಚಿಗುರುತ್ತವೆ. ಪೋಷಕಾಂಶ ಮಿತಿಮೀರಿದ ಕೆರೆಯಲ್ಲಿ ಅದೇ ಇಳಿತದ ಲಾಭ ಪಾಚಿಗೆ ಸಲ್ಲುತ್ತದೆ. ಒಮ್ಮೆ ಹಸಿರಾದ ಕೆರೆ ಸುಲಭವಾಗಿ ಹಿಂದಿರುಗದು.

ಗಣೇಶ ವಿಸರ್ಜನೆಗೆ ಕೃತಕ ಕೊಳಗಳನ್ನು ಕಟ್ಟಿ ಥಾಣೆ ಕೆರೆಗಳ ಹೊರೆಯನ್ನು ಕೊಂಚ ಇಳಿಸಿದೆ. ಕಾರಂಜಿ, ದೀಪಾಲಂಕಾರಗಳಿಗಿಂತ ಮುಂದೆ ಬೇಕಾದುದು ಕೊಳಚೆಯ ತಡೆ ಮತ್ತು ಬೇಸಿಗೆಯ ಹೂಳೆತ್ತುವಿಕೆ. ಎರಡನೆಯದನ್ನು ನಮ್ಮ ಹಿರಿಯರು ಗುದ್ದಲಿ, ಮಂಕರಿಗಳಿಂದಲೇ ಮಾಡಿದ್ದರು.