ವಾಕ್, ಭಾಷೆ ಮತ್ತು ಶ್ರವಣ ವಿಷಯದಲ್ಲಿ ಪದವಿ ವ್ಯಾಸಂಗ: ಶಲವಡಿ ಹಾಗೂ ಸುತ್ತಲಿನ ಗ್ರಾಮಗಳ ಅರ್ಜಿದಾರರಿಗೆ ಮಾಹಿತಿ

ಶಲವಡಿ ಹಾಗೂ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಭಾಗದ ಗ್ರಾಮಗಳಿಂದ ವಿಕಲಚೇತನರ ಗುರುತಿನ ಚೀಟಿ, ಶ್ರವಣ ಸಾಧನ, ಮಾಸಾಶನ ಮುಂತಾದ ಸೌಲಭ್ಯಗಳಿಗಾಗಿ ಅರ್ಜಿ ಸಲ್ಲಿಸಲು ಬರುವ ಪಾಲಕರಲ್ಲಿ ಕೆಲವರು, ತಮ್ಮ ಕೆಲಸ ಮುಗಿದ ನಂತರ ಮತ್ತೊಂದು ಪ್ರಶ್ನೆಯನ್ನು ಕೇಳುವುದುಂಟು. "ನಮ್ಮ ಹುಡುಗನ ಕಿವಿ ತಪಾಸ ಮಾಡಿದರಲ್ರೀ, ಆ ವಿದ್ಯಾ ಕಲಿಲಿಕ್ಕೆ ಎಲ್ಲಿಗೆ ಹೋಗಬೇಕ್ರಿ? ಇವನ ಅಕ್ಕ ಪಿಯುಸಿ ಓದಾಕತ್ತಾಳ." ಈ ಪ್ರಶ್ನೆಗೆ ಕಚೇರಿಯ ಮೇಜಿನ ಮುಂದೆ ನಿಂತು ಎರಡು ಮಾತಿನಲ್ಲಿ ಉತ್ತರಿಸುವುದು ಕಷ್ಟವಾದುದರಿಂದ ಸದರಿ ಮಾಹಿತಿಯನ್ನು ಇಲ್ಲಿ ಒದಗಿಸಲಾಗಿದೆ.

ವ್ಯಾಸಂಗದ ಸ್ವರೂಪ

ಕಿವಿ, ಮೂಗು, ಗಂಟಲಿನ ವೈದ್ಯರು ಬೇರೆ, ಶ್ರವಣ ತಜ್ಞರು ಹಾಗೂ ವಾಕ್-ಭಾಷಾ ತಜ್ಞರು ಬೇರೆ ಎಂಬುದನ್ನು ಮೊದಲು ತಿಳಿಯತಕ್ಕದ್ದು. ಮೊದಲಿನವರು ಎಂ.ಬಿ.ಬಿ.ಎಸ್. ಮುಗಿಸಿ ಸ್ನಾತಕೋತ್ತರ ವೈದ್ಯಕೀಯ ಪದವಿ ಪಡೆದವರು. ಔಷಧ ನೀಡುವುದು, ಶಸ್ತ್ರಚಿಕಿತ್ಸೆ ಮಾಡುವುದು ಅವರ ಕೆಲಸ. ಎರಡನೆಯವರು ಶ್ರವಣ ಶಕ್ತಿಯನ್ನು ಡೆಸಿಬಲ್ ಲೆಕ್ಕದಲ್ಲಿ ಅಳೆಯುವವರು, ಶ್ರವಣ ಸಾಧನವನ್ನು ಆಯ್ದು ಹೊಂದಿಸುವವರು, ಮಾತು ಬಾರದ ಮಗುವಿಗೆ ಮಾತು ಕಲಿಸುವವರು. ಉಗ್ಗು, ಸೀಳು ಅಂಗುಳದಿಂದಾಗುವ ಮೂಗುಮಾತು, ಶಿಕ್ಷಕರಲ್ಲಿ ಹೆಚ್ಚಾಗಿ ಕಾಣುವ ಧ್ವನಿ ತೊಂದರೆ, ಲಕ್ವ ಹೊಡೆದ ನಂತರ ಮಾತು ಕಳೆದುಕೊಂಡ ಹಿರಿಯರ ಪುನಶ್ಚೇತನ, ಆಟಿಸಂ ಇರುವ ಮಕ್ಕಳ ಸಂವಹನ ಇವೆಲ್ಲವೂ ಇವರ ವ್ಯಾಪ್ತಿಗೆ ಬರುತ್ತವೆ.

ಇದಕ್ಕೆ ಮೂಲ ಪದವಿ ಬಿ.ಎ.ಎಸ್.ಎಲ್.ಪಿ. ಒಟ್ಟು ನಾಲ್ಕು ವರ್ಷಗಳ ಅವಧಿಯಲ್ಲಿ ಮೂರು ವರ್ಷ ತರಗತಿ ಮತ್ತು ಚಿಕಿತ್ಸಾಲಯದ ಅಭ್ಯಾಸ, ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್ ಇರುತ್ತದೆ. ಶರೀರ ರಚನೆ, ಶಬ್ದದ ಭೌತಶಾಸ್ತ್ರ, ಭಾಷಾಶಾಸ್ತ್ರ, ಮನಃಶಾಸ್ತ್ರ, ಸಂಖ್ಯಾಶಾಸ್ತ್ರ ಎಲ್ಲವನ್ನೂ ಓದಬೇಕಾಗುತ್ತದೆ. ಬೋಧನಾ ಮಾಧ್ಯಮ ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದವರಿಗೆ ಮೊದಲ ವರ್ಷ ಭಾರವೆನಿಸಬಹುದು. ಆದರೆ ಚಿಕಿತ್ಸಾಲಯದಲ್ಲಿ ರೋಗಿಯ ಮುಂದೆ ಕುಳಿತಾಗ ಉಪಯೋಗಕ್ಕೆ ಬರುವುದು ಅವರ ಕನ್ನಡವೇ.

ಈ ಮಾತನ್ನು ಔಪಚಾರಿಕತೆಗಾಗಿ ಬರೆದುದಲ್ಲ. ಮಗುವಿನ ಉಚ್ಚಾರ ಪರೀಕ್ಷೆಯಲ್ಲಿ ಚಿತ್ರಗಳನ್ನು ತೋರಿಸಿ ಹೆಸರು ಕೇಳುವ ಕ್ರಮವಿದೆ. ಚಿತ್ರದಲ್ಲಿ ಈರುಳ್ಳಿ ಇದ್ದರೆ ಶಲವಡಿಯ ಮಗು "ಉಳ್ಳಾಗಡ್ಡಿ" ಎನ್ನುತ್ತದೆ. ಪೊರಕೆ ಇದ್ದರೆ "ಕಸಬರಿಗಿ" ಎನ್ನುತ್ತದೆ. ಮನೆಯನ್ನು "ಮನಿ" ಎನ್ನುತ್ತದೆ. ಇವುಗಳಲ್ಲಿ ಯಾವುದೂ ದೋಷವಲ್ಲ, ಈ ಸೀಮೆಯ ಮಾತು. ಅದೇ ಮಗು "ಕಾಲು" ಎನ್ನಬೇಕಾದಲ್ಲಿ "ತಾಲು" ಎಂದರೆ, ಅಥವಾ "ಬಳಿ" ಎನ್ನುವಾಗ ಳಕಾರವೇ ಕೇಳಿಬರದಿದ್ದರೆ, ವಯಸ್ಸನ್ನು ನೋಡಿ ತಜ್ಞರು ವಿಚಾರ ಮಾಡಬೇಕಾಗುತ್ತದೆ. ಯಾವುದು ಊರಿನ ರೂಢಿ, ಯಾವುದು ತೊಂದರೆ ಎಂಬುದನ್ನು ಒಮ್ಮೆಗೇ ಗುರುತಿಸಲು ಈ ಭಾಗದ ಮಾತನ್ನು ಕೇಳಿ ಬೆಳೆದವರಿಗೆ ಸುಲಭ. ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸವನ್ನು ಅಜ್ಜಿಗೆ ಅರ್ಥವಾಗುವಂತೆ ಹೇಳುವುದೂ ಅವರಿಂದಲೇ ಸಾಧ್ಯ.

ಕಾಲದ ಪ್ರಶ್ನೆಯೂ ಇದೆ. ಹುಟ್ಟಿನಿಂದ ಕಿವುಡಾದ ಮಗುವಿಗೆ ಒಂದು ತಿಂಗಳೊಳಗೆ ಪ್ರಾಥಮಿಕ ತಪಾಸಣೆ, ಮೂರು ತಿಂಗಳೊಳಗೆ ನಿಖರ ಪರೀಕ್ಷೆ, ಆರು ತಿಂಗಳೊಳಗೆ ಸಾಧನ ಮತ್ತು ತರಬೇತಿ ಆರಂಭವಾಗಬೇಕೆಂಬುದು ಈ ಕ್ಷೇತ್ರದಲ್ಲಿ ಅಂಗೀಕೃತವಾದ ಗುರಿ. ಹಳ್ಳಿಗಳಲ್ಲಿ ಮಾತ್ರ "ಅವರಪ್ಪನೂ ತಡವಾಗಿ ಮಾತಾಡಿದ್ದ" ಎಂದು ಮೂರು, ನಾಲ್ಕು ವರ್ಷ ಕಾಯುವುದು ಇಂದಿಗೂ ಕಂಡುಬರುತ್ತದೆ. 2011ರ ಜನಗಣತಿಯಂತೆ ದೇಶದಲ್ಲಿ ಶ್ರವಣ ದೋಷವುಳ್ಳವರು ಸುಮಾರು 50 ಲಕ್ಷ, ವಾಕ್ ದೋಷವುಳ್ಳವರು ಸುಮಾರು 20 ಲಕ್ಷ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 2013ರಲ್ಲಿ ಜಾರಿಗೆ ಬಂದ ಮೇಲೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಲ್ಲಿ ಈ ತಜ್ಞರಿಗೆ ಸ್ಥಾನ ಕಲ್ಪಿಸಲಾಗಿದೆ. ಇದಲ್ಲದೆ ವೈದ್ಯಕೀಯ ಕಾಲೇಜುಗಳ ಕಿವಿ-ಮೂಗು-ಗಂಟಲು ವಿಭಾಗ, ವಿಶೇಷ ಶಾಲೆ, ಶ್ರವಣ ಸಾಧನ ಕೇಂದ್ರಗಳಲ್ಲಿಯೂ ಉದ್ಯೋಗಾವಕಾಶ ಇರುತ್ತದೆ. ಸ್ವಂತ ಚಿಕಿತ್ಸಾಲಯವನ್ನೂ ತೆರೆಯಬಹುದು.

ಎಲ್ಲಿ ಓದಬಹುದು

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿ ಸ್ಥಾಪನೆಯಾಯಿತು. ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯದ ಅಧೀನದಲ್ಲಿರುವ ಈ ಸ್ವಾಯತ್ತ ಸಂಸ್ಥೆ ಮೈಸೂರು ವಿಶ್ವವಿದ್ಯಾನಿಲಯದೊಡನೆ ಸಂಯೋಜನೆ ಹೊಂದಿದೆ. ಪದವಿಯಿಂದ ಪಿಎಚ್.ಡಿ.ವರೆಗೆ ಎಲ್ಲ ಹಂತಗಳೂ ಇಲ್ಲಿ ಲಭ್ಯ. ಸ್ನಾತಕೋತ್ತರ ಹಂತದಲ್ಲಿ ಶ್ರವಣ ವಿಜ್ಞಾನಕ್ಕೂ ವಾಕ್-ಭಾಷಾ ರೋಗವಿಜ್ಞಾನಕ್ಕೂ ಪ್ರತ್ಯೇಕ ಎಂ.ಎಸ್ಸಿ. ಪದವಿಗಳಿವೆ. ದೇಶದ ಎಲ್ಲ ರಾಜ್ಯಗಳ ವಿದ್ಯಾರ್ಥಿಗಳು ಸ್ಪರ್ಧಿಸುವುದರಿಂದ ಪ್ರವೇಶ ಸುಲಭವಲ್ಲ.

ಮೈಸೂರು ದೂರವೆಂದು ಹಿಂಜರಿಯುವ ಪಾಲಕರಿಗೆ ತಿಳಿಯಪಡಿಸುವುದೇನೆಂದರೆ, ಧಾರವಾಡದ ಕೆಲಗೇರಿಯಲ್ಲಿಯೇ ಜೆ.ಎಸ್.ಎಸ್. ಮಹಾವಿದ್ಯಾಪೀಠದ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಇದೇ ವಿದ್ಯಾಪೀಠದ ಇನ್ನೊಂದು ಸಂಸ್ಥೆ ಮೈಸೂರಿನಲ್ಲಿದೆ. ಬೆಂಗಳೂರು, ಮಂಗಳೂರು, ಮಣಿಪಾಲಗಳಲ್ಲಿಯೂ ಖಾಸಗಿ ಸಂಸ್ಥೆಗಳು ಈ ವ್ಯಾಸಂಗ ನಡೆಸುತ್ತವೆ. ಖಾಸಗಿ ಸಂಸ್ಥೆಗಳಲ್ಲಿ ಶುಲ್ಕ ಒಂದೇ ಸಮನಾಗಿಲ್ಲ. ನಾಲ್ಕೂ ವರ್ಷಗಳ ಒಟ್ಟು ವೆಚ್ಚವನ್ನು ಲಿಖಿತವಾಗಿ ಕೇಳಿ ಪಡೆಯುವುದು ಉಚಿತ.

ಅರ್ಹತೆ

ಪಿಯುಸಿಯಲ್ಲಿ ಭೌತಶಾಸ್ತ್ರ ಹಾಗೂ ರಸಾಯನಶಾಸ್ತ್ರ ಇರಬೇಕು. ಅವುಗಳೊಂದಿಗೆ ಜೀವಶಾಸ್ತ್ರ ಅಥವಾ ಗಣಿತ ಇದ್ದರೆ ಸಾಕು. ಗಣಕ ವಿಜ್ಞಾನ, ಸಂಖ್ಯಾಶಾಸ್ತ್ರ, ಎಲೆಕ್ಟ್ರಾನಿಕ್ಸ್, ಮನಃಶಾಸ್ತ್ರಗಳನ್ನೂ ನಿಯಮಗಳು ಪರಿಗಣಿಸಿವೆ. ಜೀವಶಾಸ್ತ್ರ ಇಲ್ಲದೆ ಬರುವುದಿಲ್ಲವೆಂಬ ತಿಳಿವಳಿಕೆ ಸರಿಯಲ್ಲ. ಸಾಮಾನ್ಯ ವರ್ಗಕ್ಕೆ ಶೇ. 50 ಅಂಕಗಳು ಅಗತ್ಯ. ಮೀಸಲು ವರ್ಗಗಳಿಗೆ ಸಡಿಲಿಕೆ ಇದೆ. ವಯೋಮಿತಿ ಹಾಗೂ ಪ್ರವೇಶ ಪರೀಕ್ಷೆಯ ಕ್ರಮವನ್ನು ಆಯಾ ವರ್ಷದ ಪ್ರಕಟಣೆಯಲ್ಲಿಯೇ ನೋಡತಕ್ಕದ್ದು, ಹಿಂದಿನ ವರ್ಷದವರ ಮಾತನ್ನು ನಂಬಿ ಕೂರಬಾರದು.

ಕಲಾ ಮತ್ತು ವಾಣಿಜ್ಯ ವಿಭಾಗದವರಿಗೆ ಈ ಪದವಿಗೆ ಅವಕಾಶವಿಲ್ಲ. ಈ ಟಿಪ್ಪಣಿಯನ್ನು ಸಿದ್ಧಪಡಿಸಿದವರೂ ವಾಣಿಜ್ಯ ಪದವೀಧರರೇ ಆದುದರಿಂದ ಈ ಮಾತನ್ನು ಸಂತೋಷದಿಂದ ಬರೆದಿಲ್ಲ. ಹತ್ತನೆಯ ತರಗತಿ ಮುಗಿದ ಕೂಡಲೇ ವಿಭಾಗ ಆಯ್ಕೆ ಮಾಡುವಾಗ ಈ ಅಂಶ ತಿಳಿದಿರಲಿ ಎಂಬುದೇ ಉದ್ದೇಶ. ಅಂತಹವರು ಶ್ರವಣ ದೋಷವುಳ್ಳ ಮಕ್ಕಳ ವಿಶೇಷ ಶಿಕ್ಷಕರ ತರಬೇತಿ ಅಥವಾ ಭಾರತೀಯ ಸಂಜ್ಞಾ ಭಾಷೆಯ ದುಭಾಷಿ ತರಬೇತಿಯನ್ನು ಪರಿಶೀಲಿಸಬಹುದು. ಅವು ಬೇರೆ ವೃತ್ತಿಗಳು. ಅವುಗಳಿಂದ ಶ್ರವಣ ತಜ್ಞರಾಗಲು ಬರುವುದಿಲ್ಲ. ಹಾಗೆಯೇ ಡಿ.ಎಚ್.ಎಲ್.ಎಸ್. ಎಂಬ ಒಂದು ವರ್ಷದ ಡಿಪ್ಲೊಮಾ ಇದೆ. ಇದನ್ನು ಪಡೆದವರು ತಜ್ಞರ ಕೈಕೆಳಗೆ ಸಹಾಯಕರಾಗಿ ಕೆಲಸ ಮಾಡುವವರೇ ಹೊರತು ಪದವೀಧರರಿಗೆ ಸಮಾನರಲ್ಲ.

ಮಾನ್ಯತೆ: ಶುಲ್ಕ ಕಟ್ಟುವ ಮೊದಲು

ಈ ಭಾಗವನ್ನು ಎರಡು ಸಲ ಓದಬೇಕಾಗಿ ವಿನಂತಿ. ಭಾರತೀಯ ಪುನರ್ವಸತಿ ಪರಿಷತ್ತು ಅಧಿನಿಯಮ, 1992ರ ಪ್ರಕಾರ, ಪರಿಷತ್ತಿನ ಮಾನ್ಯತೆ ಪಡೆದ ವ್ಯಾಸಂಗ ಮುಗಿಸಿ ಕೇಂದ್ರೀಯ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ಹೆಸರು ದಾಖಲಿಸಿಕೊಂಡವರು ಮಾತ್ರ ಈ ವೃತ್ತಿಯನ್ನು ನಡೆಸಬಹುದು. ಇದನ್ನು ಮೀರಿದವರಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಒಂದು ಸಾವಿರ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅಧಿನಿಯಮದ 13ನೆಯ ಪ್ರಕರಣದಲ್ಲಿ ಅವಕಾಶವಿದೆ.

ಪರಿಷತ್ತು ಮಾನ್ಯತೆ ನೀಡುವುದು ಸಂಸ್ಥೆಗೆ ಒಟ್ಟಾರೆಯಾಗಿ ಅಲ್ಲ. ಇಂತಹ ವ್ಯಾಸಂಗಕ್ಕೆ, ಇಂತಿಷ್ಟು ವರ್ಷದ ಅವಧಿಗೆ ಎಂದು ಬೇರೆ ಬೇರೆಯಾಗಿ. ಒಂದು ವ್ಯಾಸಂಗಕ್ಕೆ ಮಾನ್ಯತೆ ಇದ್ದು ಅದೇ ಕಟ್ಟಡದ ಇನ್ನೊಂದಕ್ಕೆ ಇಲ್ಲದಿರಬಹುದು. ಕೆಲವು ವರ್ಷಗಳ ಹಿಂದೆ ರೈತರೊಬ್ಬರು ಮಗಳ ಪ್ರಮಾಣಪತ್ರ ಹಿಡಿದು ಕಚೇರಿಗೆ ಬಂದಿದ್ದರು. ಚಿನ್ನದ ಅಕ್ಷರಗಳ ಅಂದವಾದ ಪ್ರಮಾಣಪತ್ರವದು. ಪರಿಷತ್ತಿನ ಪಟ್ಟಿಯಲ್ಲಿ ಆ ವ್ಯಾಸಂಗ ಇರಲಿಲ್ಲ. ಹತ್ತಿ ಮಾರಿದ ಹಣ ಹೋಗಿತ್ತು, ಹುಡುಗಿಯ ಎರಡು ವರ್ಷ ಹೋಗಿತ್ತು, ನೋಂದಣಿಗೆ ದಾರಿ ಇರಲಿಲ್ಲ. ಪರಿಷತ್ತಿನ ಜಾಲತಾಣದಲ್ಲಿ ರಾಜ್ಯವಾರು, ವ್ಯಾಸಂಗವಾರು ಪಟ್ಟಿ ಇರುತ್ತದೆ. ಮೊಬೈಲಿನಲ್ಲಿ ಹತ್ತು ನಿಮಿಷದ ಕೆಲಸ. ಸಂಸ್ಥೆಯ ಹೆಸರು, ವ್ಯಾಸಂಗದ ಹೆಸರು, ಮಾನ್ಯತೆಯ ಕೊನೆಯ ವರ್ಷ ಈ ಮೂರನ್ನೂ ಹೊಂದಿಸಿ ನೋಡಿದ ಮೇಲೆಯೇ ಹಣ ಕಟ್ಟತಕ್ಕದ್ದು.

ಪ್ರಮಾಣಪತ್ರಗಳ ಬಗ್ಗೆ

ಮೈಸೂರಿನ ಸಂಸ್ಥೆ ಕೇಂದ್ರ ಸರ್ಕಾರದ್ದಾದುದರಿಂದ ರಾಜ್ಯದ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಪ್ರಮಾಣಪತ್ರಗಳು ಅಲ್ಲಿ ನಡೆಯುವುದಿಲ್ಲ. ಇತರೆ ಹಿಂದುಳಿದ ವರ್ಗದ ಮೀಸಲಾತಿ ಕೋರುವವರು ಕೇಂದ್ರದ ನಮೂನೆಯಲ್ಲಿ, ಕೆನೆಪದರಕ್ಕೆ ಸೇರಿಲ್ಲವೆಂಬ ದೃಢೀಕರಣದೊಂದಿಗೆ ಪ್ರಮಾಣಪತ್ರ ಪಡೆಯಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ಮೊದಲು ಅದನ್ನು ಖಚಿತಪಡಿಸಿಕೊಳ್ಳಿ. ಯಾವ ಮೀಸಲಾತಿಗೂ ಒಳಪಡದವರು ಆರ್ಥಿಕವಾಗಿ ದುರ್ಬಲ ವರ್ಗದ ಪ್ರಮಾಣಪತ್ರ ಕೇಳಬಹುದಾದರೂ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇರಬೇಕು ಮತ್ತು ಕೃಷಿ ಭೂಮಿ 5 ಎಕರೆಗಿಂತ ಕಡಿಮೆ ಇರಬೇಕು. ನಮ್ಮ ಎರೆಭೂಮಿಯಲ್ಲಿ ಮಳೆ ನಂಬಿದ ಎಂಟು ಎಕರೆಯವನೂ ಸಾಲದಲ್ಲಿರುತ್ತಾನೆ ಎಂಬುದು ನಿಜ, ಆದರೆ ನಿಯಮ ಪಹಣಿಯನ್ನು ನೋಡುತ್ತದೆ.

ಧಾರವಾಡ ಜಿಲ್ಲೆಗೆ 371ಜೆ ವಿಧಿಯ ಮೀಸಲಾತಿ ಅನ್ವಯಿಸುವುದಿಲ್ಲ. ಕೊಪ್ಪಳ ಜಿಲ್ಲೆಯ ಬಂಧುಗಳಿಗೆ ಅದು ಇರುವುದರಿಂದ ಅನೇಕರು ತಪ್ಪಾಗಿ ಭಾವಿಸುತ್ತಾರೆ.

ಈ ಪ್ರಮಾಣಪತ್ರಗಳಿಗೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ಅಲ್ಲಿ ನೂಕುನುಗ್ಗಲು ಇರುತ್ತದೆ. ಎರಡನೆಯ ವರ್ಷದ ಪರೀಕ್ಷೆಗೂ ಮೊದಲೇ ಸಿದ್ಧ ಮಾಡಿಕೊಂಡವರಿಗೆ ತೊಂದರೆಯಾಗದು. ಹತ್ತನೆಯ ತರಗತಿಯ ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ಹೆಸರಿನ ಅಕ್ಷರಗಳು ಒಂದೇ ರೀತಿ ಇವೆಯೇ ಎಂದೂ ನೋಡಿಕೊಳ್ಳಿ. ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ಜಾಲತಾಣದಲ್ಲಿ ಪ್ರತ್ಯೇಕ ಅರ್ಜಿ ಸಲ್ಲಿಸತಕ್ಕದ್ದು.

ಶ್ರವಣ ದೋಷವುಳ್ಳ ವಿದ್ಯಾರ್ಥಿಗಳಿಗೆ

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಪ್ರಕಾರ ಎರಡೂ ಕಿವಿಗಳಲ್ಲಿ 70 ಡೆಸಿಬಲ್ ನಷ್ಟವಿದ್ದರೆ ಕಿವುಡು, 60ರಿಂದ 70ರವರೆಗೆ ಇದ್ದರೆ ಮಂದ ಶ್ರವಣ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವಿಕಲತೆ ಪ್ರಮಾಣಿತವಾದವರಿಗೆ ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ಕ್ಕೆ ಕಡಿಮೆಯಿಲ್ಲದ ಸ್ಥಾನಗಳು ಮೀಸಲಿದ್ದು, ಗರಿಷ್ಠ ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆ ಇದೆ. ಇದಕ್ಕೆ ಯು.ಡಿ.ಐ.ಡಿ. ಗುರುತಿನ ಚೀಟಿ ಅವಶ್ಯ. ಚೀಟಿ ಇನ್ನೂ ಪಡೆಯದವರು ತಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಅಥವಾ ತಾಲ್ಲೂಕು ಪಂಚಾಯಿತಿಯಲ್ಲಿರುವ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಭೇಟಿ ಮಾಡಿ ಅರ್ಜಿ ಸಲ್ಲಿಸಬಹುದು. ಬರುವಾಗ ಆಧಾರ್, ಇತ್ತೀಚಿನ ಭಾವಚಿತ್ರ ಹಾಗೂ ಹಿಂದಿನ ಶ್ರವಣ ಪರೀಕ್ಷೆಯ ವರದಿ ಇದ್ದಲ್ಲಿ ಅದನ್ನೂ ತರಬೇಕಾಗಿ ಕೋರಲಾಗಿದೆ.