ಮಾಳಿಗೆ, ಹೆಂಚು, ಬಿರುಗಾಳಿ

ಬೇತಮಂಗಲಕ್ಕೂ ಬಂಗಾಳ ಕೊಲ್ಲಿಗೂ ಏನು ಸಂಬಂಧವೆಂದು ಕೇಳುವವರುಂಟು. ಆ ಊರಿನ ಪಾಲಾರ್ ನದಿಯ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ. 1903ರ ನವೆಂಬರಿನಲ್ಲಿ ಮೈಸೂರು ಸೀಮೆಯ ಕೆರೆಗಳು ಒಡೆದು, ನೀರೆಲ್ಲ ಪಾಲಾರಿಗೆ ನುಗ್ಗಿ, ಕೆಳಗಿನ ವಾಣಿಯಂಬಾಡಿಯ ಅರ್ಧ ಊರನ್ನೇ ಹಾಳುಮಾಡಿತು. ನವೆಂಬರಿನ ಮಳೆ ಇಲ್ಲಿಗೆ ಬರುವುದೇ ಕೊಲ್ಲಿಯ ಕಡೆಯಿಂದ. ಅಲ್ಲಿ ಎದ್ದ ಚಂಡಮಾರುತ ಕರಾವಳಿಯನ್ನು ದಾಟಿ ಈ ಎತ್ತರದ ನೆಲಕ್ಕೆ ಏರುವ ಹೊತ್ತಿಗೆ ಗಾಳಿಯ ಬಿರುಸನ್ನು ಬಹುಮಟ್ಟಿಗೆ ಕಳೆದುಕೊಂಡಿರುತ್ತದೆ. ಮಳೆಯನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ಈ ಸೀಮೆಯ ಹಳೆಯ ಮಾಳಿಗೆ ಮನೆಗೆ ಗಾಳಿಯ ಭಯವಿರಲಿಲ್ಲ. ತೊಲೆ, ಜಂತೆ, ಅದರ ಮೇಲೆ ಹಲಗೆಯೋ ಕಲ್ಲುಚಪ್ಪಡಿಯೋ, ಅದರ ಮೇಲೆ ಬಡಿದು ಗಟ್ಟಿಮಾಡಿದ ಮಣ್ಣು. ಇಷ್ಟು ಭಾರವನ್ನು ಎತ್ತಿ ಒಗೆಯುವ ಗಾಳಿ ಇತ್ತ ಸುಳಿಯದು. ಹೊಗೆ ಹೋಗಲು, ಬೆಳಕು ಬರಲು ನಡುವೆ ಒಂದು ಗವಾಕ್ಷಿ. ಆದರೆ ನಾಲ್ಕು ದಿನ ಬಿಡದೆ ಜಿಟಿಜಿಟಿ ಹಿಡಿದರೆ ಮಣ್ಣು ನೀರು ಕುಡಿದು ಇನ್ನೂ ಭಾರವಾಗುತ್ತದೆ. ಕೆಳಗೆ ಗೋಡೆ ನೆನೆದು ಮೆತ್ತಗಾಗುತ್ತದೆ. ಆ ರಾತ್ರಿ ಒಳಗೆ ಮಲಗಿದವರ ಗತಿಯೇನು? ಗಾಳಿಗೆ ಕಾವಲಾಗಿದ್ದ ಭಾರವೇ ಮಳೆಯಲ್ಲಿ ಶತ್ರುವಾಯಿತು.

1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. 1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿಗೆ ಬಂದಿತು. ಮುಂದೆ ಬೌರಿಂಗಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಗಣಿಗೆ ರೈಲೂ ಆಯಿತು. ದೊರೆಗಳ ಬಂಗಲೆಗಳಿಗೆ ಇಳಿಜಾರು ಚಾವಣಿ ಏರಿತು. ಕೂಲಿಗಳ ಲೈನುಗಳಿಗೆ ಬಿದಿರಿನ ತಟ್ಟಿ, ತಗಡು. ಹಗಲೆಲ್ಲ ಕಾದ ತಗಡಿನ ಕೆಳಗೆ ಪಾಳಿ ಮುಗಿಸಿ ಬಂದವನು ಹೇಗೆ ನಿದ್ದೆಮಾಡಿದನೋ, ಚರಿತ್ರೆ ಬರೆದವರು ವಿಚಾರಿಸಿದಂತಿಲ್ಲ.

ನೀರು ಜಾರಿಹೋಗುವ ಹೆಂಚಿನ ಮನೆಗೆ ಅಟ್ಟವೂ ಬಂತು. ತ್ರಿಕೋನದ ಗೋಡೆಯ ನೆತ್ತಿಯಲ್ಲಿ ಗಾಳಿಕಿಂಡಿಯೂ ಬಂತು. ಬಿಸಿಗಾಳಿ ಮೇಲಕ್ಕೇರಿ ಅಲ್ಲಿಂದ ಹೊರಹೋಗುತ್ತದೆ. ತೇವ ನಿಲ್ಲದೆ ಮರ ಬಾಳುತ್ತದೆ. ಹೆಂಚುಗಳ ಸಂದುಗಳೂ ಇದಕ್ಕೆ ನೆರವು. ಮೇಲೂ ಕೆಳಗೂ ಗಾಳಿಯ ಒತ್ತಡ ಬೇಗ ಸಮವಾಗುವುದರಿಂದ ಹೆಂಚು ಸುಲಭವಾಗಿ ಏಳುವುದಿಲ್ಲ.

ಕರಾವಳಿಯ ನ್ಯಾಯ ಬೇರೆ. ಅಲ್ಲಿ ನಾಲ್ಕು ಕಡೆಗೂ ಇಳಿಯುವ ಚಾವಣಿಯೇ ಲೇಸು. ಎರಡೇ ಇಳಿಜಾರಿದ್ದರೆ ತ್ರಿಕೋನದ ಗೋಡೆ ಗಾಳಿಗೆ ಎದೆಕೊಟ್ಟು ನಿಲ್ಲಬೇಕಾಗುತ್ತದೆ. ಅದರ ಕಿಂಡಿಯಿಂದ ಒಳನುಗ್ಗಿದ ಗಾಳಿ ಚಾವಣಿಯನ್ನು ಕೆಳಗಿನಿಂದ ಎತ್ತುತ್ತದೆ. ಕಟ್ಟಡಗಳಿಗಾಗಿ ಭಾರತೀಯ ಮಾನಕದವರು ಗೊತ್ತುಮಾಡಿದ ಗಾಳಿಯ ಮೂಲವೇಗ ಚೆನ್ನೈಗೆ ಸೆಕೆಂಡಿಗೆ 50 ಮೀಟರ್, ಬೆಂಗಳೂರಿಗೆ 33. ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅಲ್ಲಿಯದು ಇಲ್ಲಿಯದರ ಎರಡು ಪಟ್ಟಿಗೂ ಮಿಗಿಲು.

ಈಗ ಹಳೆಯ ಮನೆಯನ್ನು ರಿಪೇರಿ ಮಾಡಿಸುವವರು ಕರಾವಳಿಯ ಬುದ್ಧಿವಾದ ಕೇಳಿ ಬೇತಮಂಗಲದಲ್ಲಿಯೂ ಕಿಂಡಿಗೆ ಇಟ್ಟಿಗೆ ಇಟ್ಟರೆ, ಬಾರದ ಬಿರುಗಾಳಿಗೆ ಬಾಗಿಲು ಹಾಕಿ, ಬಂದ ತೇವವನ್ನು ಒಳಗೇ ಕೂಡಿಹಾಕಿದಂತೆ. 2021ರ ನವೆಂಬರಿನಲ್ಲಿ ಕೋಲಾರ ಜಿಲ್ಲೆಯ ಕೆರೆಗಳು ಕೋಡಿ ಹರಿದಾಗಲೂ ಹಳೆಯ ಮನೆಗಳನ್ನು ಕಾಡಿದ್ದು ನೀರು. ಅದಕ್ಕೆ ನೆತ್ತಿಯ ಹೆಂಚನ್ನು ಗಾರೆಯಲ್ಲಿ ಕೂರಿಸಬೇಕು, ಸೂರನ್ನು ಒಂದು ಮೊಳ ಮುಂದಕ್ಕೆ ಚಾಚಬೇಕು, ಕಿಂಡಿಗೆ ಓರೆಹಲಗೆ ಹೊಂದಿಸಬೇಕು. ಊರಿನ ಬಡಗಿಗೆ ಇದು ಎರಡು ದಿನದ ಕೆಲಸ.